ಬಳ್ಳಾರಿಯಿಂದ ಬೇಲೇಕೇರಿಯವರೆಗೆ: ತವರಿನ ಕಡಲಿಗೆ ಒಂದು ಪಯಣ

ಶುಕ್ರವಾರ

ಬಳ್ಳಾರಿಯ ಕೋಟೆಗುಡ್ಡವನ್ನು ಹಿಂದೆ ಬಿಟ್ಟು ಹೊರಟ ರಸ್ತೆ ತೋರಣಗಲ್ಲು, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರಗಳನ್ನು ಹಾದು, ಅರಬೈಲ್ ಘಟ್ಟ ಇಳಿದು ಅಂಕೋಲೆಯಲ್ಲಿ ಕಡಲನ್ನು ಮುಟ್ಟುತ್ತದೆ. ಹಿಂದೆ ಈ ಇಡೀ ದಾರಿಗೆ ರಾಷ್ಟ್ರೀಯ ಹೆದ್ದಾರಿ 63 ಎಂಬ ಒಂದೇ ಸಂಖ್ಯೆಯಿತ್ತು. ಅಂಕೋಲೆಯಲ್ಲಿ ಆರಂಭವಾಗಿ ಬಳ್ಳಾರಿಯನ್ನು ದಾಟಿ ಆಂಧ್ರದ ಗುತ್ತಿಯವರೆಗೆ ಅದು ಹೋಗುತ್ತಿತ್ತು. ಈಗ ಸಂಖ್ಯೆಗಳು 67, 52 ಎಂದು ಬದಲಾಗಿದ್ದರೂ ಸುಮಾರು 350 ಕಿಲೋಮೀಟರುಗಳ ದಾರಿ ಮೊದಲಿನದೇ. ನಾನು ಹುಟ್ಟಿ ಬೆಳೆದದ್ದು ಈ ದಾರಿಯ ಪಡುವಣ ತುದಿಯಲ್ಲಿ, ಮದುವೆಯಾಗಿ ಬಂದು ಬದುಕು ಕಟ್ಟಿಕೊಂಡದ್ದು ಬಳ್ಳಾರಿಯಲ್ಲಿ. ಎರಡೂ ಊರುಗಳ ನಡುವೆ ಹತ್ತಿ, ಉಪ್ಪು, ಮೀನು, ಅದಿರು ಎಲ್ಲವೂ ಓಡಾಡಿವೆ. ಆದರೆ ಇಲ್ಲಿಯವರಿಗೆ ಅಲ್ಲಿಯ ಜನರ ಪರಿಚಯವಾಗಲಿ, ಅಲ್ಲಿಯವರಿಗೆ ಇಲ್ಲಿಯವರ ಪರಿಚಯವಾಗಲಿ ಇಲ್ಲವೆಂಬುದು ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಸಂಗತಿ. ಅಂಕೋಲೆ ಎಂದರೆ ಗೋಕರ್ಣಕ್ಕೆ ಹೋಗುವಾಗ ಚಹಾಕ್ಕೆ ನಿಲ್ಲುವ ಊರು ಎಂದಷ್ಟೇ ಬಳ್ಳಾರಿಯಲ್ಲಿ ಹಲವರು ತಿಳಿದಿದ್ದಾರೆ. ಈ ಸಲದ ಮೇ ತಿಂಗಳಲ್ಲಿ, ಊರಿನ ಬಂಡಿಹಬ್ಬ ಮುಗಿದ ಮೇಲೆ, ನನ್ನ ಅತ್ತೆಯವರನ್ನೂ ಮೈದುನನನ್ನೂ ಕರೆದುಕೊಂಡು ತವರಿಗೆ ಹೊರಟಾಗ, ಊರನ್ನು ಅವರಿಗೆ ನಿಧಾನವಾಗಿ ತೋರಿಸಬೇಕೆಂದು ನಿಶ್ಚಯಿಸಿದ್ದೆ.

ಅತ್ತೆಯವರು ಸಿರುಗುಪ್ಪದ ಕಡೆಯವರು. ತುಂಗಭದ್ರೆಯ ನೀರುಂಡ ಭತ್ತದ ಗದ್ದೆಗಳ ನಡುವೆ ಬೆಳೆದ ಅವರು ಕಡಲನ್ನು ಕಂಡವರಲ್ಲ. ಮೈದುನ ಕಂಡಿದ್ದಾನೆ, ಆದರೆ ಹೆಚ್ಚಾಗಿ ರಾತ್ರಿಯ ಹೊತ್ತಿನಲ್ಲಿ. ಅದಿರಿನ ದಿನಗಳಲ್ಲಿ ಸಂಡೂರಿನಿಂದ ಅಂಕೋಲೆಯ ಬೇಲೇಕೇರಿ ಬಂದರಿಗೆ ಲಾರಿ ಓಡಿಸಿದವನು ಅವನು. ಕಾರನ್ನು ಅವನೇ ನಡೆಸುತ್ತಿದ್ದ. ನಸುಕಿನಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ದೀಪಗಳನ್ನು ದಾಟಿ, ಹೊಸಪೇಟೆಯನ್ನು ಹಿಂದೆ ಹಾಕಿ ಮುನಿರಾಬಾದಿನ ಬಳಿಗೆ ಬಂದಾಗ ಅತ್ತೆಯವರು ತುಂಗಭದ್ರಾ ಅಣೆಕಟ್ಟೆಯ ದಿಕ್ಕಿಗೆ ಕೈಮುಗಿದರು. 2024ರ ಆಗಸ್ಟ್ 10ರ ರಾತ್ರಿ ಈ ಅಣೆಕಟ್ಟೆಯ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ, ಕಾಲುವೆಯ ನೀರನ್ನೇ ನಂಬಿದ ಅವರ ತವರಿನ ಮನೆಗಳಲ್ಲಿ ಊಟ ಸೇರಿರಲಿಲ್ಲ. ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟ್ ಕೂರಿಸಿ ಉಳಿದ ನೀರನ್ನು ಕಾಪಾಡಿದ ತಂತ್ರಜ್ಞರನ್ನು ಅವರು ಇಂದಿಗೂ ನೆನೆಯುತ್ತಾರೆ.

ಕೊಪ್ಪಳ ದಾಟಿ ಒಂದು ಬೇವಿನ ಮರದ ನೆರಳಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರಿನ ಬುತ್ತಿ ಬಿಚ್ಚಿದೆವು. ಹುಬ್ಬಳ್ಳಿಯವರೆಗೆ ಹೇಳುವಂಥದ್ದೇನೂ ನಡೆಯಲಿಲ್ಲ. ಕಲಘಟಗಿಯ ನಂತರ ಸಾಗವಾನಿ ಮರಗಳು ಆರಂಭವಾಗಿ, ಯಲ್ಲಾಪುರ ದಾಟುತ್ತಿದ್ದಂತೆ ಗಾಳಿಯಲ್ಲಿ ತೇವ ಬಂತು. ಬಳ್ಳಾರಿಗೆ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆಯಾದರೆ ಅಂಕೋಲೆಗೆ 3,000 ಮಿಲಿಮೀಟರಿಗೂ ಮೀರಿ ಸುರಿಯುತ್ತದೆ. ಆ ವ್ಯತ್ಯಾಸ ಅರಬೈಲ್ ಘಟ್ಟದ ತಿರುವುಗಳಲ್ಲಿ ಕಣ್ಣಿಗೇ ಕಾಣುತ್ತದೆ. ಘಟ್ಟ ಇಳಿದ ಮೇಲೆ ಗಂಗಾವಳಿ ನದಿ ಜೊತೆಗೂಡುತ್ತದೆ. ಧಾರವಾಡದ ಸೋಮೇಶ್ವರದ ಬಳಿ ಶಾಲ್ಮಲೆಯಾಗಿ ಹುಟ್ಟಿ, ಬೇಡ್ತಿಯಾಗಿ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಕಡಲು ಸೇರುವ ಈ ನದಿಯೂ ಬಯಲುಸೀಮೆಯಿಂದ ನಮ್ಮಂತೆಯೇ ಇಳಿದು ಬಂದದ್ದು. ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗವೂ ಇದೇ ಕಣಿವೆಯನ್ನು ಹಿಡಿದು ಬರಬೇಕಾಗಿತ್ತು. 1990ರ ದಶಕದ ಕೊನೆಯಲ್ಲಿ ಮಂಜೂರಾದ ಆ ಯೋಜನೆ ಪಶ್ಚಿಮ ಘಟ್ಟದ ಕಾಡಿನ ಪ್ರಶ್ನೆಯಿಂದ ಇಂದಿಗೂ ಪೂರ್ತಿಯಾಗಿಲ್ಲ. ಈ ಕಾಡನ್ನು ಕಣ್ಣಾರೆ ಕಂಡವರು ಅದನ್ನು ಕಡಿಯುವ ಮಾತಿಗೆ ಸುಲಭವಾಗಿ ತಲೆಯಾಡಿಸಲಾರರು ಎಂಬುದು ನನ್ನ ಅಭಿಪ್ರಾಯ.

ಸಂಜೆ ಭಾವಿಕೇರಿ ಕಡೆಯ ನಮ್ಮ ಮನೆ ತಲುಪಿ, ಅಣ್ಣನೊಡನೆ ದಂಡೆಗೆ ಹೋದೆವು. ಅತ್ತೆಯವರು ಸೀರೆಯ ನಿರಿಗೆ ಎತ್ತಿ ಹಿಡಿದು, ಅಲೆ ಪಾದ ತೊಳೆಯುವಷ್ಟು ಮುಂದೆ ಹೋಗಿ ನಿಂತು, ಬಹಳ ಹೊತ್ತಿನ ಮೇಲೆ, “ಇದೇನವ್ವಾ, ಆ ಕಡೀ ದಂಡಿನೇ ಕಾಣವಲ್ದು” ಎಂದರು.

ಶನಿವಾರ

ಅಂಕೋಲೆಯನ್ನು ನೋಡಬೇಕಾದರೆ ಮೇ ತಿಂಗಳಲ್ಲಿ ಅದರ ಪೇಟೆಯಿಂದ ತೊಡಗಬೇಕು. ರಸ್ತೆಯ ಬದಿಯಲ್ಲಿ ಬುಟ್ಟಿಗಳನ್ನಿಟ್ಟುಕೊಂಡು ಕೂತ ಹೆಂಗಸರ ಮುಂದೆ ಕರಿ ಈಶಾಡ ಮಾವಿನ ಹಣ್ಣುಗಳಿದ್ದವು. ಈ ಹಣ್ಣಿಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಸಿಪ್ಪೆ ತೀರ ತೆಳು, ತಿರುಳು ಹೆಚ್ಚು, ನಾರು ಕಡಿಮೆ. ಹಣ್ಣಾದ ಮೇಲೆ ಹೆಚ್ಚು ದಿನ ತಾಳುವುದಿಲ್ಲವಾದ್ದರಿಂದ ದೂರದ ಮಾರುಕಟ್ಟೆಗೆ ಹೋಗುವುದು ಕಡಿಮೆ. ಬಳ್ಳಾರಿಯ ಬೇನಿಷಾ ಹಣ್ಣನ್ನು ಒತ್ತಿ ನೋಡಿ ಕೊಳ್ಳುವ ಅಭ್ಯಾಸದ ಅತ್ತೆಯವರು ಇಲ್ಲಿಯೂ ಹೆಬ್ಬೆರಳು ಮುಂದೆ ಮಾಡಿದಾಗ, ಮಾರುವಾಕೆ ಅವರ ಕೈಯನ್ನು ಮೆಲ್ಲನೆ ತಡೆದು, ಒಂದು ಹಣ್ಣನ್ನು ತಾನೇ ಎತ್ತಿ ತೊಟ್ಟಿನ ಬುಡವನ್ನು ಅವರ ಮೂಗಿನ ಬಳಿ ಹಿಡಿದಳು. ಒತ್ತಿದರೆ ಆ ಜಾಗ ಸಂಜೆಯೊಳಗೆ ಕಪ್ಪಾಗುತ್ತದೆ, ವಾಸನೆಯಿಂದಲೇ ಅರಿಯಬೇಕು ಎಂದು ಅವಳು ಹೇಳಿಕೊಟ್ಟಳು. ಅತ್ತೆಯವರು ಆಮೇಲೆ ಬುಟ್ಟಿಯ ಒಂದೊಂದು ಹಣ್ಣನ್ನೂ ಮೂಸಿಯೇ ಆರಿಸಿದರು.

ಮಾರುತ್ತಿದ್ದವರಲ್ಲಿ ಹಲವರು ಹಾಲಕ್ಕಿ ಒಕ್ಕಲಿಗ ಹೆಂಗಸರು, ಕೊರಳ ತುಂಬ ಮಣಿಸರ ತೊಟ್ಟವರು. ಇದೇ ಸಮುದಾಯದ ಇಬ್ಬರು ಹಿರಿಯರನ್ನು ಈ ತಾಲೂಕು ಇತ್ತೀಚೆಗೆ ಕಳೆದುಕೊಂಡಿತು. ಹೊನ್ನಳ್ಳಿಯ ತುಳಸಿ ಗೌಡ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬೀಜ ಮೊಳೆಯಿಸಿ, ಸಸಿ ಬೆಳೆಸಿ, ಕಾಡಿನ ತಾಯಿಮರಗಳನ್ನು ಗುರುತಿಸುತ್ತ ಬದುಕಿದವರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಬಡಗೇರಿಯ ಸುಕ್ರಿ ಬೊಮ್ಮಗೌಡ ನೂರಾರು ಹಾಡುಗಳನ್ನು ಕಂಠದಲ್ಲಿಟ್ಟುಕೊಂಡು, ಸಾರಾಯಿಯ ವಿರುದ್ಧ ಹೆಂಗಸರನ್ನು ಕೂಡಿಸಿ ಹೋರಾಡಿದವರು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಇಬ್ಬರಿಗೂ ಪದ್ಮಶ್ರೀ ಬಂದಿತ್ತು. ಶಾಲೆಯ ಮೆಟ್ಟಿಲು ಹತ್ತದ ಈ ಇಬ್ಬರು ನನ್ನ ಊರಿನ ಎಲ್ಲ ಕಟ್ಟಡಗಳಿಗಿಂತ ದೊಡ್ಡ ಗುರುತುಗಳು ಎಂದು ನಾನು ನಂಬಿದ್ದೇನೆ.

ಪೇಟೆಯ ಇನ್ನೊಂದು ಬದಿಯಲ್ಲಿ ಒಣಮೀನಿನ ವ್ಯಾಪಾರ ಜೋರಾಗಿತ್ತು. ಯಂತ್ರದ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುವುದರಿಂದ ಮಳೆಗಾಲದ ಸಂಗ್ರಹ ಈಗಲೇ ಆಗಬೇಕು. ಅತ್ತೆಯವರು ಸಸ್ಯಾಹಾರಿ, ಆದರೂ ಮೂಗು ಮುಚ್ಚಿಕೊಳ್ಳದೆ, ಒಣಗಿದ ಬಂಗಡೆಯನ್ನು ಹೇಗೆ ಉಪ್ಪು ಹಚ್ಚಿ ಕೆಡದಂತೆ ಇಡುತ್ತಾರೆಂದು ಕೇಳಿ ತಿಳಿದುಕೊಂಡರು. ಬೇಳೆ, ಜೋಳ, ಮೆಣಸಿನಕಾಯಿಗಳನ್ನು ವರ್ಷಕ್ಕಾಗುವಷ್ಟು ಒಣಗಿಸಿಡುವ ಮನೆಯವರಿಗೆ ಈ ಲೆಕ್ಕಾಚಾರ ಹೊಸದೇನಲ್ಲ.

ಬಿಸಿಲು ಇಳಿದ ಮೇಲೆ ನದಿಬಾಗಕ್ಕೆ ಹೋದೆವು. ಹಳ್ಳ ಕಡಲಿಗೆ ಕೂಡುವ ಆ ಜಾಗದಲ್ಲಿ ಗಾಳಿಮರಗಳ ತೋಪಿದೆ, ಮಕ್ಕಳು ಮರಳಿನಲ್ಲಿ ಆಡುತ್ತಾರೆ, ಹೊರಗಿನಿಂದ ಬಂದವರು ಸೂರ್ಯಾಸ್ತದ ಚಿತ್ರ ತೆಗೆಯುತ್ತಾರೆ. ಆದರೆ ಅಂಕೋಲೆಯ ಕಡಲತೀರ ಭಾರತದ ಇತಿಹಾಸದಲ್ಲಿ ನಿಂತಿರುವುದು ಬೇರೆ ಕಾರಣಕ್ಕೆ. 1930ರ ಏಪ್ರಿಲ್ 13ರಂದು, ದಾಂಡಿಯಲ್ಲಿ ಗಾಂಧೀಜಿ ಉಪ್ಪು ಎತ್ತಿದ ಮರುವಾರವೇ, ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಇಲ್ಲಿ ಉಪ್ಪಿನ ಕಾಯಿದೆ ಮುರಿಯಲಾಯಿತು. ಅದರ ಬೆನ್ನಿಗೇ ಬಂದ ಕರನಿರಾಕರಣೆಯಲ್ಲಿ ತಾಲೂಕಿನ ರೈತರು ಗದ್ದೆ, ದನ, ಪಾತ್ರೆ ಎಲ್ಲವನ್ನೂ ಜಪ್ತಿಗೆ ಕೊಟ್ಟು, ಕಂದಾಯ ಮಾತ್ರ ಕೊಡದೆ ಕೂತರು. ಊರಿನ ಹಿರಿಯರು ನಾನು ಚಿಕ್ಕವಳಿದ್ದಾಗ ಈ ಕಥೆಯನ್ನು ಹೇಳುವಾಗ ವೀರಾವೇಶದಿಂದ ಹೇಳುತ್ತಿರಲಿಲ್ಲ; ಯಾವ ಗದ್ದೆ ಹೋಯಿತು, ಯಾರ ಮನೆಯ ಎಮ್ಮೆಯನ್ನು ಹೊಡೆದುಕೊಂಡು ಹೋದರು, ಹರಾಜಿಗೆ ಕೂಗಿದಾಗ ಊರಿನವರು ಯಾರೂ ಹೇಗೆ ಕೊಳ್ಳಲಿಲ್ಲ ಎಂದು ಹೆಸರು ಹಿಡಿದು ಹೇಳುತ್ತಿದ್ದರು. ಅಂದು ಅಂಕೋಲೆ ಮುಂಬಯಿ ಪ್ರಾಂತದಲ್ಲಿ, ಬಳ್ಳಾರಿ ಮದರಾಸು ಪ್ರಾಂತದಲ್ಲಿ ಇದ್ದವು. 1953ರಲ್ಲಿ ಬಳ್ಳಾರಿ, 1956ರಲ್ಲಿ ಉತ್ತರ ಕನ್ನಡ ಬಂದು ಸೇರಿದ ಮೇಲೆಯೇ ಈ ಎರಡು ಊರುಗಳು ಒಂದು ರಾಜ್ಯದವಾದದ್ದು. ಬಳ್ಳಾರಿಯ ಅಲ್ಲೀಪುರ ಜೈಲಿನಲ್ಲಿ ಸ್ವಾತಂತ್ರ್ಯ ಹೋರಾಟಗಾರರನ್ನು ಇಟ್ಟಿದ್ದ ಕಥೆಯನ್ನು ಅತ್ತೆಯವರು ತಮ್ಮ ಮಾವನವರಿಂದ ಕೇಳಿದ್ದರು. ಅದನ್ನು ಅವರು ಆ ಮರಳಿನ ಮೇಲೆ ಕೂತು ನನ್ನ ಅಣ್ಣನಿಗೆ ಹೇಳಿದರು.

ಹಿಂತಿರುಗುವಾಗ ನಾನು ಓದಿದ ಗೋಖಲೆ ಸೆಂಟಿನರಿ ಕಾಲೇಜಿನ ಮುಂದೆ ಕಾರು ನಿಲ್ಲಿಸಿದೆವು. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ, 1966ರಲ್ಲಿ ಈ ಕಾಲೇಜು ತೆರೆದರು. ಚುಟುಕು ಕವಿಯೆಂದು ನಾಡಿಗೆ ಪರಿಚಿತರಾದ ಅವರು ಈ ಜಿಲ್ಲೆಯ ಗೇಣಿದಾರರಿಗೆ ಮೊದಲು ರೈತ ಹೋರಾಟದ ಮುಂದಾಳು. ಅದಕ್ಕಾಗಿ ಬ್ರಿಟಿಷ್ ಸರಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. ಮೀನುಗಾರರ, ಒಕ್ಕಲಿಗರ ಮನೆಯ ಹೆಣ್ಣುಮಕ್ಕಳು ಊರಿನಲ್ಲಿಯೇ ಪದವಿ ಪಡೆಯಬಹುದಾದದ್ದು ಈ ಕಟ್ಟಡದಿಂದ. ಇಲ್ಲದಿದ್ದರೆ ನಾನೂ ಹತ್ತನೆಯ ತರಗತಿಗೆ ಓದು ನಿಲ್ಲಿಸುತ್ತಿದ್ದೆ.

ರವಿವಾರ

ಬೇಲೇಕೇರಿಗೆ ಹೋಗುವ ಮಾತು ಬಂದಾಗ ಮೈದುನ ಮೊದಲು ಉತ್ಸಾಹ ತೋರಲಿಲ್ಲ. “ಅತ್ತಿಗೆಮ್ಮಾ, ಅಲ್ಲಿಗೆ ಎಷ್ಟೋ ಸಲ ಬಂದೀನಿ, ಊರು ಮಾತ್ರ ಒಂದಿನಾನೂ ನೋಡಿಲ್ಲ” ಎಂದ. ಬಾಳೆಗುಳಿಯ ಕೂಡುರಸ್ತೆಯಿಂದ ಬಂದರಿನವರೆಗೆ ಲಾರಿಗಳ ಸಾಲಿನಲ್ಲಿ ಕಾದು, ಸರದಿ ಬಂದಾಗ ಅದಿರು ಸುರಿದು, ಕ್ಯಾಬಿನ್ನಿನಲ್ಲಿಯೇ ನಿದ್ದೆ ಮಾಡಿ ಘಟ್ಟ ಹತ್ತುವುದು ಅವನಿಗೆ ಗೊತ್ತಿದ್ದ ಅಂಕೋಲೆ. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದ್ದ ಆ ವರ್ಷಗಳಲ್ಲಿ ಬಳ್ಳಾರಿ ಮತ್ತು ಸಂಡೂರಿನ ಗುಡ್ಡಗಳು ಈ ರಸ್ತೆಯ ಮೇಲೆ ಹಗಲು ರಾತ್ರಿ ಇಳಿದು ಬಂದವು. ರಸ್ತೆ ಬದಿಯ ಮನೆಗಳ ಹಂಚು, ಬಾವಿಯ ನೀರು, ಒಣಹಾಕಿದ ಬಟ್ಟೆ ಎಲ್ಲದರ ಮೇಲೂ ಕೆಂಪು ಧೂಳು ಕೂರುತ್ತಿತ್ತು. ತವರಿಗೆ ಬಂದಾಗಲೆಲ್ಲ ತುಳಸಿಕಟ್ಟೆಯ ಮೇಲಿನ ಆ ಬಣ್ಣವನ್ನು ಕಂಡು, ಇದು ನಮ್ಮ ಬಳ್ಳಾರಿಯ ಮಣ್ಣು ಎಂದು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಮುಂದಿನದು ನಾಡಿಗೆಲ್ಲ ಗೊತ್ತಿರುವ ಕಥೆ. 2010ರಲ್ಲಿ ಬೇಲೇಕೇರಿಯಲ್ಲಿ ಅಧಿಕಾರಿಗಳು ಜಪ್ತಿ ಮಾಡಿಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರು ಹಡಗು ಹತ್ತಿ ಹೊರಟುಹೋಯಿತು. ಅದೇ ವರ್ಷ ರಾಜ್ಯ ಸರಕಾರ ತನ್ನ ಬಂದರುಗಳಿಂದ ಅದಿರು ರಫ್ತನ್ನು ನಿಲ್ಲಿಸಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಸಾಲ ಮಾಡಿ ಕೊಂಡಿದ್ದ ಮೈದುನನ ಲಾರಿ ಅಂಗಳದಲ್ಲಿ ನಿಂತಿತು. ಕೊನೆಗೆ ಅದನ್ನು ಸಿಕ್ಕ ಬೆಲೆಗೆ ಮಾರಿದೆವು. ಗುಡ್ಡ ಅಗೆದವರು ಯಾರು, ಹಣ ಮಾಡಿದವರು ಯಾರು ಎಂಬುದು ವರದಿಗಳಲ್ಲಿದೆ. ಲಾರಿಯ ಸಾಲ ತೀರಿಸಿದವರ ಕಥೆಯೂ, ಧೂಳು ಕುಡಿದವರ ಕಥೆಯೂ ಅಷ್ಟೇ ಎಚ್ಚರಿಕೆಯಿಂದ ಬರೆದಿಡಬೇಕಾದವು.

ಬಂದರಿನ ಹತ್ತಿರ ಬಯಲೊಂದರಲ್ಲಿ ಹುಲ್ಲು ಬೆಳೆದಿತ್ತು, ನಾಲ್ಕಾರು ದನಗಳು ಮೇಯುತ್ತಿದ್ದವು. ಮೈದುನ ಸುತ್ತ ನೋಡಿ, ಚಪ್ಪಲಿಯ ಹಿಮ್ಮಡಿಯಿಂದ ನೆಲವನ್ನು ಕೆದಕಿದ. ಬೂದುಬಣ್ಣದ ಮರಳು ಸರಿದ ಕೂಡಲೇ ಕೆಳಗೆ ಗಾಢ ಕೆಂಪು ಕಂಡಿತು. ಅವನು ಬಗ್ಗಿ ಒಂದು ಹರಳನ್ನು ಎತ್ತಿ, ಅಂಗೈಯಲ್ಲಿ ತೂಗಿ ನೋಡಿ, ಬೆರಳಿನಿಂದ ಉಜ್ಜಿದ; ಉಗುರಿನ ಸಂದಿಗೆ ಕೆಂಪು ಹತ್ತಿತು. ಅಷ್ಟರಲ್ಲಿ ಅಲ್ಲಿಗೆ ಬಂದ ವಯಸ್ಸಾದ ಮೀನುಗಾರರೊಬ್ಬರು ನಾವು ಯಾವ ಕಡೆಯವರೆಂದು ಕೇಳಿದರು. ಬಳ್ಳಾರಿ ಎಂದಾಗ ಕ್ಷಣ ಹೊತ್ತು ಸುಮ್ಮನಿದ್ದು, ಆ ದಿನಗಳಲ್ಲಿ ರಸ್ತೆ ದಾಟಲು ಮಕ್ಕಳನ್ನು ಕೈಹಿಡಿದು ಕಾಯಬೇಕಾಗುತ್ತಿತ್ತು ಎಂದಷ್ಟೇ ಹೇಳಿದರು. ತಾನೂ ಲಾರಿ ಓಡಿಸಿದವನೆಂದು ಮೈದುನ ಮುಚ್ಚಿಡದೆ ತಿಳಿಸಿದ. ಅವರು ಸಿಟ್ಟಾಗಲಿಲ್ಲ, ಎಷ್ಟು ಬಾಡಿಗೆ ಸಿಗುತ್ತಿತ್ತು, ಘಟ್ಟದಲ್ಲಿ ಬ್ರೇಕ್ ಕೈಕೊಟ್ಟರೆ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತ, ದೋಣಿಯ ನೆರಳಿಗೆ ಕರೆದುಕೊಂಡು ಹೋಗಿ ಕೂರಿಸಿಕೊಂಡರು. ಬಲೆ ಹೆಣೆಯುವ ಅವರ ಕೈ ಮಾತಿನ ನಡುವೆಯೂ ನಿಲ್ಲಲಿಲ್ಲ.

ಅಲ್ಲಿಂದ ಕೇಣಿಗೆ ಹೋದೆವು. ಕೇಣಿಯ ದಂಡೆಯಲ್ಲಿ ಚಾಪೆಗಳ ಮೇಲೆ ತಾರ್ಲೆ ಮೀನು ಒಣಹಾಕಿದ್ದರು. ಹೆಂಗಸರು ಕಾಗೆಗಳನ್ನು ಓಡಿಸುತ್ತ, ಬಗ್ಗಿ ಬಗ್ಗಿ ಮೀನನ್ನು ಮಗುಚುತ್ತಿದ್ದರು. ಇಲ್ಲಿ ಆಳ ಸಮುದ್ರದ ವಾಣಿಜ್ಯ ಬಂದರು ಕಟ್ಟುವ ಯೋಜನೆಯಿದ್ದು, ಮೀನುಗಾರರು ಅದನ್ನು ವಿರೋಧಿಸುತ್ತಿದ್ದಾರೆ. ಬಂದರು ಬಂದರೆ ಕೆಲಸ ಬರುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಈ ತೀರದಲ್ಲಿ ದೋಣಿ ನೂಕುವವರು, ಮೀನು ಒಣಗಿಸುವವರು, ಹಳ್ಳದ ಬಾಯಿಯಲ್ಲಿ ಬಳಚು ಎಂಬ ಚಿಪ್ಪುಜೀವಿ ಹೆಕ್ಕುವವರು ಈಗಾಗಲೇ ಕೆಲಸದಲ್ಲಿಯೇ ಇದ್ದಾರೆ ಎಂಬುದನ್ನು ಆ ಮಾತು ಮರೆಯುತ್ತದೆ. ಕಾರವಾರದ ನೌಕಾನೆಲೆಗಾಗಿ ಇದೇ ಕರಾವಳಿಯ ಹಲವು ಹಳ್ಳಿಗಳು ಎದ್ದು ಹೋದದ್ದನ್ನು ಕಂಡ ಜನ ಇವರು. ಅವರ ಭಯಕ್ಕೆ ಆಧಾರವಿದೆ.

ಸೋಮವಾರ

ದಕ್ಷಿಣಕ್ಕೆ ಹೊರಟು ಶಿರೂರಿನ ಬಳಿ ನಿಧಾನಿಸಿದೆವು. 2024ರ ಜುಲೈ 16ರ ಬೆಳಿಗ್ಗೆ ಇಲ್ಲಿ ಗುಡ್ಡ ಜಾರಿ ಹೆದ್ದಾರಿಯನ್ನು ದಾಟಿ ಗಂಗಾವಳಿಗೆ ಬಿತ್ತು. ರಸ್ತೆ ಬದಿಯ ಚಹಾದಂಗಡಿ, ನಿಂತಿದ್ದ ವಾಹನಗಳು ನದಿಯ ಪಾಲಾದವು. ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. 11 ಜೀವಗಳು ಹೋದವು. ಗುಡ್ಡವನ್ನು ರಸ್ತೆಗಾಗಿ ನೇರವಾಗಿ ಕಡಿದಾಗ ಮಣ್ಣಿಗೆ ಆಸರೆ ತಪ್ಪುತ್ತದೆ, ಜಂಬಿಟ್ಟಿಗೆ ಮಣ್ಣು ಕಾರ್ಮಳೆಯಲ್ಲಿ ನೀರು ಕುಡಿದು ಭಾರವಾಗುತ್ತದೆ. ಇದು ಕರಾವಳಿಯಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು. ಮೈದುನ ಆ ಚಹಾದಂಗಡಿಯಂಥ ಎಷ್ಟೋ ಅಂಗಡಿಗಳ ಎದುರು ಲಾರಿ ನಿಲ್ಲಿಸಿದವನು. ಕಾರಿನಿಂದ ಇಳಿದು, ಕಡಿದ ಗುಡ್ಡದ ಮೈಯನ್ನು ನೋಡಿ, ಹೆಚ್ಚು ಮಾತನಾಡದೆ ಬಂದು ಕೂತ.

ಮಾದನಗೇರಿಯಿಂದ ಗೋಕರ್ಣದ ಕಡೆಗೆ ತಿರುಗಿದರೆ ಸಾಣಿಕಟ್ಟೆಯ ಉಪ್ಪಿನಾಗರಗಳು. ಭರತದ ಹೊತ್ತಿಗೆ ಅಘನಾಶಿನಿಯ ಅಳಿವೆಯ ಉಪ್ಪುನೀರನ್ನು ಒಳಗೆ ಬಿಟ್ಟು, ಒಂದು ಮಡಿಯಿಂದ ಇನ್ನೊಂದಕ್ಕೆ ಹರಿಸುತ್ತ ಬಿಸಿಲಿನಲ್ಲಿ ಗಟ್ಟಿಗೊಳಿಸಿ, ಕೊನೆಯ ಮಡಿಯಲ್ಲಿ ಹರಳುಗಟ್ಟಿದ ಮೇಲೆ ಉದ್ದ ಹಿಡಿಯ ಮರದ ಹಲಗೆಯಿಂದ ಎಳೆದು ಗುಪ್ಪೆ ಹಾಕುತ್ತಾರೆ. ಕಾರ್ಮಿಕನೊಬ್ಬ ಹಲಗೆಯನ್ನು ನೆಲಕ್ಕೆ ಒತ್ತದೆ, ಕೆಳಗಿನ ಕೆಸರು ಕದಡದಂತೆ, ಹರಳಿನ ಪದರವನ್ನಷ್ಟೇ ಮೇಲ್ಗಡೆಯಿಂದ ತೇಲಿಸಿ ತರುತ್ತಿದ್ದ. ತುಸು ಭಾರ ಹೆಚ್ಚಿದರೆ ಉಪ್ಪಿನೊಡನೆ ಮಣ್ಣು ಏಳುತ್ತದೆ, ತುಸು ಕಡಿಮೆಯಾದರೆ ಹರಳು ಹಿಂದುಳಿಯುತ್ತದೆ. ಬರಿಗಾಲಿನಲ್ಲಿ ನಿಂತ ಅವನ ಪಾದದ ಬಿರುಕುಗಳನ್ನು ಕಂಡು ಅತ್ತೆಯವರು, ಗದ್ದೆಯಲ್ಲಿ ನಾಟಿ ಮಾಡುವವರ ಕಾಲೂ ಹೀಗೆಯೇ ಎಂದರು. ಮೊದಲ ದೊಡ್ಡ ಮಳೆ ಬಿದ್ದರೆ ಈ ವರ್ಷದ ಕೆಲಸ ಮುಗಿದಂತೆ. ಪಡುವಣದಲ್ಲಿ ಮೋಡ ಕಟ್ಟುತ್ತಿದ್ದುದರಿಂದ ಎಲ್ಲರ ಕೈಗಳೂ ಚುರುಕಾಗಿದ್ದವು. ಸ್ವಲ್ಪ ಕಂದುಬಣ್ಣದ ಆ ಉಪ್ಪನ್ನು ಒಂದು ಚೀಲ ಕೊಂಡೆವು. ಉಪ್ಪಿನಕಾಯಿಗೆ ಪುಡಿ ಉಪ್ಪಿಗಿಂತ ಹರಳುಪ್ಪೇ ಒಳ್ಳೆಯದೆಂಬ ಅತ್ತೆಯವರ ಮಾತನ್ನು ನನ್ನ ತಾಯಿಯೂ ಒಪ್ಪಿದರು.

ಮಂಗಳವಾರ

ಹುಲ್ಲು ಹಾಸಿದ ಬುಟ್ಟಿಗಳಲ್ಲಿ ಅರೆಹಣ್ಣಾದ ಈಶಾಡಗಳನ್ನು ತುಂಬಿಕೊಂಡು ನಸುಕಿನಲ್ಲಿ ಹೊರಟೆವು. ಯಲ್ಲಾಪುರದ ಹತ್ತಿರ ಮಳೆ ಹನಿಯಿತು, ಗದಗಿನ ಆಚೆ ಧೂಳೆದ್ದಿತು. ತೋರಣಗಲ್ಲಿನ ಬಳಿ ಅದಿರಿನ ಲಾರಿಗಳು ಹಿಂದಿನಂತೆ ಸಾಲುಗಟ್ಟಿದ್ದವು. ಈಗ ಅವು ಕಾರ್ಖಾನೆಗೆ ಹೋಗುವಂಥವು.

ರಾತ್ರಿ ನೆರೆಮನೆಯವರು ಹಣ್ಣು ತೆಗೆದುಕೊಂಡು ಹೋಗಲು ಬಂದಾಗ ಕೇಣಿಯ ಮಾತು ಬಂತು. ಅವರ ಮಗ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾನೆ. ಹೊಸ ಬಂದರು ಆದರೆ ಈ ಕಡೆಯ ಮಾಲು ಸಾಗಿಸಲು ಅನುಕೂಲ, ಹುಡುಗರಿಗೆ ಕೆಲಸ ಗಟ್ಟಿಯಾಗುತ್ತದೆ ಎಂದು ಆತನ ತಂದೆ ಹೇಳಿದರು. ಅತ್ತೆಯವರು ಹಣ್ಣು ಆರಿಸುವುದನ್ನು ನಿಲ್ಲಿಸಿ, “ಆಗ್ಲಿ ಬಿಡಪ್ಪಾ, ನಿನ್ ಮಗನ ಕೆಲ್ಸ ಗಟ್ಟಿಯಾಗ್ಲಿ. ಆದ್ರ ಅಲ್ಲಿ ಮೀನ ಒಣಗಿಸೋ ಹೆಣ್ಮಕ್ಳು ಎಲ್ಲಿಗೆ ಹೋಗ್ಬೇಕು, ಅದನ್ನೂ ಹೇಳು” ಎಂದರು. ಆತ ಅದಕ್ಕೆ ಸರಕಾರ ಪರಿಹಾರ ಕೊಡುತ್ತದೆ ಎಂದರು. ತುಂಗಭದ್ರಾ ಅಣೆಕಟ್ಟೆಯಲ್ಲಿ ಮುಳುಗಿದ ಹಳ್ಳಿಗಳವರಿಗೆ ಸಿಕ್ಕ ಪರಿಹಾರ ಎಷ್ಟೆಂದು ಮೈದುನ ಕೇಳಿದ. ಮಾತು ಹತ್ತೂವರೆಯವರೆಗೆ ಬೆಳೆಯಿತು. ಹೊರಡುವಾಗ ನೆರೆಮನೆಯವರು, ಬರುವ ಮೇ ತಿಂಗಳಲ್ಲಿ ತಮ್ಮ ಮನೆಯವರನ್ನೂ ಅಂಕೋಲೆಗೆ ಕರೆದುಕೊಂಡು ಹೋಗಬೇಕೆಂದು ಕೇಳಿದರು. ಬಂಡಿಹಬ್ಬಕ್ಕೇ ಹೋಗೋಣವೆಂದು ನಾನು ಒಪ್ಪಿಕೊಂಡಿದ್ದೇನೆ.